ಅಪ್ಪನ ಪ್ರತಿಕ್ರಿಯೆ

ನಿನ್ನ ಅಪ್ಪನಿಗೆ ಫೋನ್ ಮಾಡಿದ್ದು ನಾನು. ಸಬೀಹಾ ಅಲ್ಲ.

ಚೈತ್ರಾ — ಪತ್ರಿಕೆಯ ವರದಿಯಲ್ಲಿ ನಿನಗೆ ನಾನಿಟ್ಟ ಹೆಸರಿದು. ಇಲ್ಲಿಯೂ ಅದನ್ನೇ ಬಳಸುತ್ತೇನೆ. ನಿನ್ನ ಗೆಳತಿಯ ಹೆಸರನ್ನೂ ಬದಲಿಸಿದ್ದೇನೆ. ಹೆಸರು ಬದಲಿಸುವುದರಲ್ಲಿ ನಾನು ಎಂದೂ ತಪ್ಪಿದವಳಲ್ಲ.

ಆಗ ನಿನಗೆ ಹದಿನೇಳು. ಬೆಂಗಳೂರಿನ ಹೂಡಿಯ ಬೇಕರಿಯೊಂದರ ಮುಂದೆ, ನಿನಗೆ ಹುಡುಗಿಯರೇ ಇಷ್ಟವೆಂದು ನನಗೆ ಹೇಳಿದೆ. ಅಲ್ಲಿಯವರೆಗೆ ಅದು ಗೊತ್ತಿದ್ದದ್ದು ಸಬೀಹಾಗೆ ಮಾತ್ರ. "ಅಪ್ಪಂಗೆ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ ಮೇಡಂ," ಎಂದು ಬನ್ನು ಮುರಿಯುತ್ತ ನಕ್ಕೆ. ಯಾರಿಗೂ ಹೇಳುವುದಿಲ್ಲ ಎಂದೆ. ಬರೆದುಕೊಂಡೆ.

ನಮ್ಮಲ್ಲಿ ಒಂದು ನಿಯಮವಿದೆ — ಆರೋಪ ಯಾರ ಮೇಲಿದೆಯೋ ಅವರನ್ನೂ ಕೇಳಬೇಕು. ನಿನ್ನ ಭಯವನ್ನು ನಾನು ಆರೋಪವೆಂದು ಓದಿದೆ. ನಿಮ್ಮಪ್ಪ ನಡೆಸುವ ಪಿಜಿ ಕಟ್ಟಡದ ಬೋರ್ಡಿನಲ್ಲಿ ಅವರ ನಂಬರ್ ಇತ್ತು. ಮಗಳು ಹೀಗೆಂದು ತಿಳಿದರೆ ಹೆತ್ತವರು ಏನು ಮಾಡುತ್ತಾರೆ — ಸಾಮಾನ್ಯ ಪ್ರಶ್ನೆಯೆಂಬಂತೆ ಕೇಳಿದೆ.

"ಊರಲ್ಲಿ ಇಷ್ಟು ಜನ ಅವ್ರೆ. ನನ್ನೇ ಯಾಕ್ ಕೇಳ್ತಿದೀರ ಮೇಡಂ?"

ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ.

"ನಮ್ಮುಡ್ಗೀನಾ?"

ಇಲ್ಲ ಎನ್ನಬಹುದಿತ್ತು. ಸುಳ್ಳು ಹೇಳಬಾರದೆಂಬ ಇನ್ನೊಂದು ನಿಯಮ ಅಡ್ಡ ಬಂತು; ಅನ್ನಲಿಲ್ಲ. ಕೊನೆಗೆ, ನಾನು ಕರೆ ಮಾಡಿದ್ದನ್ನು ಮನೆಯಲ್ಲಿ ಹೇಳಬೇಡಿ ಎಂದು ಬೇಡಿಕೊಂಡೆ. ಅವರು ಮಾತು ಉಳಿಸಿಕೊಂಡರು. ನಾನು —

ಕಾಲೇಜು ಬಿಡಿಸಿ, ಮೊಬೈಲ್ ಕಿತ್ತುಕೊಂಡು, ನಿನ್ನನ್ನು ಕೋಲಾರದ ಅತ್ತೆಯ ಮನೆಗೆ ಕಳುಹಿಸಿದರು. ಅಲ್ಲಿಂದ ಯಾರದೋ ಫೋನಿನಲ್ಲಿ ನೀನು ಕರೆ ಮಾಡಿದೆ.

"ಗೊತ್ತಿದ್ದಿದ್ದು ನಿಮ್ಗೆ, ಅವಳ್ಗೆ, ಅಷ್ಟೇ. ನೀವಂತೂ ಹೇಳಲ್ಲ. ಅವಳೇ ಹೇಳಿರೋದು ಮೇಡಂ. ಇನ್ನು ಅವಳತ್ರ ಮಾತಿಲ್ಲ."

"ಹೌದಾ?" ಎಂದೆ. ಅಷ್ಟೇ ಅಂದದ್ದು.

ವರದಿ ಭಾನುವಾರ ಅಚ್ಚಾಯಿತು. ಇಂಥ ಮಕ್ಕಳಿಗೆ ನಂಬಿ ಕೇಳುವವರು ಒಬ್ಬರಾದರೂ ಬೇಕು — ಅದರ ಕೊನೆಯ ಸಾಲು. ನಿನಗಿದ್ದ ಆ ಒಬ್ಬಳನ್ನು ಅಷ್ಟರಲ್ಲಾಗಲೇ ನಾನು ಕಳೆದಿದ್ದೆ. ಸಾಲು ಚೆನ್ನಾಗಿದೆ ಎಂದು ಕಚೇರಿಯಲ್ಲಿ ಹೇಳಿದರು. ಅಂದಿನಿಂದ ಈ ವಿಷಯವನ್ನು ಯಾರ ಹತ್ತಿರವೂ ಆಡಿಲ್ಲ. ಆಡಲು ಯಾರೂ ಇರಲೂ ಇಲ್ಲ.

ಆರು ವರ್ಷವಾಯಿತು. ನೀನೀಗ ವೈಟ್‌ಫೀಲ್ಡಿನಲ್ಲಿ ಕೆಲಸದಲ್ಲಿದ್ದೀಯ, ಒಬ್ಬಳೇ ಇದ್ದೀಯ. ಪ್ರತಿ ಹಬ್ಬಕ್ಕೂ ನನಗೆ ಶುಭಾಶಯ ಕಳುಹಿಸುತ್ತೀಯ. ಈ ಯುಗಾದಿಗೂ ಬಂತು. ಉತ್ತರ ಬರೆಯಲಾಗಲಿಲ್ಲ.

ನಿನ್ನೆ ಪೀಣ್ಯಕ್ಕೆ ಹೋಗಿ, ಸಬೀಹಾ ಕೆಲಸ ಮಾಡುವ ಕಾರ್ಖಾನೆಯ ಗೇಟಿನ ಬಳಿ ಅವಳಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಯಾಕ್ ಮಾತು ಬಿಟ್ಳು ಅಂತಾನೇ ಗೊತ್ತಿರ್ಲಿಲ್ಲ ಅಕ್ಕ," ಎಂದಳು. ಆಮೇಲೆ ನಿನ್ನ ನಂಬರ್ ಕೇಳಿದಳು.

ನನ್ನ ಬಳಿ ಇತ್ತು. ಕೊಡಲಿಲ್ಲ. ನಿನ್ನನ್ನು ಕೇಳದೆ ಕೊಡುವುದಿಲ್ಲ.