ನೆರೆಮನೆಯ ಒಲೆ ಕಂಡ ನಾಯಿ

ಡಾಬಕಾದ ಬೀರಪ್ಪ ಮುನ್ನೂರು ಕುರಿ, ನಾಲ್ಕು ನಾಯಿ ಕಟ್ಟಿಕೊಂಡು ಎಂಟು ತಿಂಗಳು ಮಹಾರಾಷ್ಟ್ರದ ಬಯಲು ಸುತ್ತಿ ಬಂದರೂ ಒಂದು ನಾಯಿಯೂ ದಾರಿ ತಪ್ಪುತ್ತಿರಲಿಲ್ಲ. ಅವನ ಮಗ ಮಾಳಪ್ಪ ಎಕಂಬಾದ ಹಳ್ಳದಲ್ಲಿ ತೋಳದ ಬಾಯಿಗೆ ಕೈ ಹಾಕಿ ತನ್ನ ನಾಯಿಯನ್ನು ಬಿಡಿಸಿಕೊಂಡವನು. ಎಡಗೈಯ ಎರಡು ಬೆರಳು ಅಲ್ಲೇ ಹೋದವು. ಭಾಲ್ಕಿ ಕಡೆಯ ಕುರಿಗಾರರೂ ಹೊಸ ನಾಯಿಮರಿ ತಂದರೆ ಅವನನ್ನು ಕೇಳಿಯೇ ಮನೆಗೆ ಒಯ್ಯುತ್ತಿದ್ದರು. ಆ ಮಾಳಪ್ಪನ ಒಬ್ಬಳೇ ಮಗಳು ಸಂತಪುರದ ಭೀಮಬಾಯಿ.

ಅವರ ಮನೆತನದ ಕಟ್ಟಳೆ ಇಷ್ಟೇ. ಹೊಸ ಮರಿಯನ್ನು ಉರಿಯುವ ಒಲೆಯ ಸುತ್ತ ಮೂರು ಸಲ ತಿರುಗಿಸಬೇಕು, ಒಲೆಯ ಬೂದಿ ಹಣೆಗೆ ಸವರಬೇಕು, ಅದೇ ಒಲೆಯ ರೊಟ್ಟಿಯ ಮೊದಲ ತುಂಡು ತಿನ್ನಿಸಬೇಕು. ಆಮೇಲೆ ಆ ನಾಯಿಯನ್ನು ಎಲ್ಲಿ ಬಿಟ್ಟರೂ ಆ ಒಲೆಗೇ ಬರುತ್ತದೆ. ಭೀಮಬಾಯಿಗೆ ಅರವತ್ತೈದು ತುಂಬಿದರೂ ಈ ಮಾತಿನ ಮೇಲೆ ಎಳ್ಳಷ್ಟು ಸಂಶಯ ಬಂದಿರಲಿಲ್ಲ.

ಆದರೆ ಬೂದು ಬಣ್ಣದ ಮರಿ ಬೂದ್ಯಾ ಬಂದ ವರ್ಷ ಮನೆಯಲ್ಲಿ ಒಲೆಯೇ ಇರಲಿಲ್ಲ. ಸೊಸೆ ಮನಿಷಾ ಅದನ್ನು ಕೆಡವಿ, ಗೋಡೆಗೆ ತಾಗಿಸಿ ಕಲ್ಲಿನ ಕಟ್ಟೆ ಕಟ್ಟಿಸಿ ಗ್ಯಾಸ್ ಇಟ್ಟಿದ್ದಳು. ಮರಿ ಎತ್ತಿಕೊಂಡು ಕಟ್ಟೆಯ ಮುಂದೆ ಪೆಚ್ಚಾಗಿ ನಿಂತ ಅತ್ತೆಯನ್ನು ಕಂಡು ಅವಳಿಗೆ ನಗು ತಡೆಯಲಿಲ್ಲ.

"ಅತ್ತಿ, ಗ್ವಾಡಿ ಒಡದು ಸುತ್ತು ಹಾಕ್ತೀರೇನ್ರಿ?"

"ನಗು ನಗು. ನಾಳಿ ನಾಯಿ ಕಳದ್ರ ನೀನೇ ಬೊಗಳಿ ಕುರಿ ಕಾಯಿ!"

ಎದುರು ಮನೆಯ ಕೌಸಲ್ಯಾಬಾಯಿ ಅಂಗನವಾಡಿ ಕೆಲಸದಿಂದ ನಿವೃತ್ತಳಾದವಳು. ಅವಳು ಅಂಗಳದ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಿದ್ದಳು. ಭೀಮಬಾಯಿ ಅಲ್ಲಿಗೇ ಹೋಗಿ ಮೂರು ಸುತ್ತು ಮುಗಿಸಿದಳು. ರೊಟ್ಟಿಯ ತುಂಡನ್ನು ಕೌಸಲ್ಯಾಬಾಯಿಯೇ ಮರಿಯ ಬಾಯಿಗಿಟ್ಟಳು. ಒಲೆ ಯಾರದೆಂಬ ವಿಚಾರ ಭೀಮಬಾಯಿಯ ತಲೆಗೆ ಆಗ ಬರಲೇ ಇಲ್ಲ.

ಮರಿ ಬೆಳೆದು ನಾಯಿಯಾಯಿತು. ಉಣ್ಣುವುದು ಈ ಮನೆಯಲ್ಲಿ, ಮಲಗುವುದು ಆ ಮನೆಯಲ್ಲಿ. ಸಂಜೆ ಕುರಿ ಹೊಡೆದುಕೊಂಡು ಬಂದರೆ ಮೊದಲು ಕೌಸಲ್ಯಾಬಾಯಿಯ ಕಾಲು ಮೂಸಿ, ಆಮೇಲೆ ಇತ್ತ ಬರುತ್ತಿತ್ತು. ಭೀಮಬಾಯಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ರೊಟ್ಟಿಗೆ ತುಪ್ಪ ಸವರಿ ಹಾಕಿದಳು, ಕುರಿಹಾಲು ಹಾಕಿದಳು. ನಾಯಿ ಬಟ್ಟಲು ನೆಕ್ಕಿ, ಬಾಲ ಆಡಿಸಿ, ಓಣಿ ದಾಟುತ್ತಿತ್ತು.

"ಅದಕ್ಕ ಏನ್ ಹಾಕ್ತೀ ನೀ?" ಎಂದು ಒಂದು ದಿನ ಕೌಸಲ್ಯಾಬಾಯಿಯನ್ನು ಕೇಳಿಯೇಬಿಟ್ಟಳು.

"ಏನಿಲ್ಲಕ್ಕಾ. ಒಂದಿಷ್ಟು ನೀರಷ್ಟೇ ಇಡ್ತೇನ್ರಿ."

ಏನೂ ಹಾಕದೆಯೇ ಒಲಿಸಿಕೊಂಡಳಲ್ಲ ಎಂದು ಭೀಮಬಾಯಿಗೆ ಇನ್ನಷ್ಟು ಉರಿಯಿತು.

ಮುಂದಿನ ವರ್ಷ ದೀಪಾವಳಿಯ ಪಟಾಕಿಗೆ ಬೆದರಿ ಊರಿನ ಮೂರು ನಾಯಿ ಕಾಣೆಯಾದವು. ಕೌಸಲ್ಯಾಬಾಯಿ ಬೀದರಿಗೆ ಹೋದಾಗ ಕೊರಳಪಟ್ಟಿ ತಂದು, ಅದರ ಹಿತ್ತಾಳೆ ಬಿಲ್ಲೆಯ ಮೇಲೆ ತನ್ನ ಫೋನ್ ನಂಬರು ಕೊರೆಯಿಸಿ ಬೂದ್ಯಾನಿಗೆ ಕಟ್ಟಿದಳು. ಭೀಮಬಾಯಿಯ ಹತ್ತಿರ ಫೋನ್ ಇರಲಿಲ್ಲ. ಓಣಿಯವರು ಹೊಗಳಿದ್ದೇ ಹೊಗಳಿದ್ದು. ಔರಾದದ ವಜೀರಬೀ ತನ್ನ ಬೆಕ್ಕಿಗೂ ಅಂಥದ್ದೊಂದು ಬೇಕೆಂದು ಕೌಸಲ್ಯಾಬಾಯಿಯ ಹತ್ತಿರ ಬಂದಳು. ಮೊದಲಾಗಿದ್ದರೆ ಬೆಕ್ಕು ಸಾಕಬೇಕೆಂದರೂ ಅವಳು ಭೀಮಬಾಯಿಯನ್ನೇ ಕೇಳುತ್ತಿದ್ದಳು.

"ನನ್ನ ನಾಯಿ ಕೊರಳಾಗ ಆಕಿ ನಂಬರ?" ಎಂದು ಭೀಮಬಾಯಿ ತನ್ನಷ್ಟಕ್ಕೇ ಗೊಣಗಿದಳು.

ಮರುದಿನ ಮಧ್ಯಾಹ್ನ ಓಣಿ ಖಾಲಿಯಿದ್ದಾಗ, ಉಣ್ಣೆ ಕತ್ತರಿಸುವ ಕತ್ತರಿಯಿಂದ ಆ ಪಟ್ಟಿಯನ್ನು ಕತ್ತರಿಸಿ ಬಾವಿಗೆ ಒಗೆದಳು. ಬೂದ್ಯಾ ಕೊರಳು ಕೊಡವಿ, ಹೋಗಿ ಎದುರು ಮನೆಯ ಕಟ್ಟೆಯ ಮೇಲೆ ಮಲಗಿತು.

ಮೂರನೆಯ ದಿನ ಬಾಡಿಗೆ ಗಾಡಿ ಓಡಿಸುವ ಮುಬಶ್ಶೀರನ ಟೆಂಪೊದಲ್ಲಿ ಭೀಮಬಾಯಿಯ ಆರು ಟಗರು ಮಾರಾಟಕ್ಕೆ ಭಾಲ್ಕಿಗೆ ಹೋದವು. ಕುರಿಯ ಬೆನ್ನು ಬಿಡದ ನಾಯಿ, ಯಾರೂ ನೋಡದ ಹೊತ್ತಿನಲ್ಲಿ ತಾನೂ ಹತ್ತಿತ್ತು. ಮುಬಶ್ಶೀರ ಒಬ್ಬನೇ ತಿರುಗಿ ಬಂದ.

"ಅಮ್ಮಾ, ಸ್ಟೇಶನ್ ಹಂತೇಕ ಜಿಗದು ಓಡಿ ಹೋತ್ರಿ. ಕೊರಳಾಗ ನಂಬರ್ ಇದ್ದಿದ್ರ ಯಾರಾದ್ರೂ ಫೋನ್ ಮಾಡ್ತಿದ್ರು. ಪಟ್ಟಿ ಎಲ್ಲಿ ಹೋತ್ರಿ?"

"ಹರದಿರಬೇಕು," ಎಂದಳು ಭೀಮಬಾಯಿ.

ಎರಡು ದಿನ ಕಳೆದವು. ಸದ್ದಾದಾಗಲೆಲ್ಲ ಅವಳ ಕಣ್ಣು ತನ್ನ ಬಾಗಿಲಿಗಿಂತ ಮೊದಲು ಎದುರು ಕಟ್ಟೆಗೆ ಹೋಗುತ್ತಿತ್ತು. ಅಲ್ಲಿಗಾದರೂ ಬರಲಿ ಎಂದು ಮನಸ್ಸು ಬೇಡುತ್ತಿತ್ತು, ಬೇಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಮೂರನೆಯ ಬೆಳಿಗ್ಗೆ ಭಾಲ್ಕಿಗೆ ಹೊರಟು ಬಸ್ಸಿಗೆ ಕಾಯುತ್ತ ನಿಂತಳು. ಕೌಸಲ್ಯಾಬಾಯಿ ಏದುಸಿರು ಬಿಡುತ್ತ ಓಡಿ ಬಂದಳು.

"ನಿಂದರ್ರಿ ಅಕ್ಕಾ! ನನ್ನ ಮಗ ಅಶ್ವಜಿತ ಭಾಲ್ಕ್ಯಾಗೇ ಅದಾನ. ಬೂದ್ಯಾಂದು ಫೋಟೋ ಕಳಸೇನಿ, ಗಾಡಿ ಮ್ಯಾಲ ಹುಡುಕ್ಲಿಕ್ಕ ಹತ್ಯಾನ. ನಾನೂ ಬರ್ತೇನ್ರಿ. ನನ್ನ ದನಿ ಕೇಳಿದ್ರ ಎಲ್ಲಿದ್ರೂ ಓಡಿ ಬರ್ತದ."

ಭೀಮಬಾಯಿ ಸೆರಗನ್ನು ಬಿಗಿದು ಕಟ್ಟಿಕೊಂಡಳು.

"ಪಟ್ಟಿ ಹರದಿಲ್ಲ, ಕೌಸಲ್ಯಾ. ನಾನೇ ಕತ್ತರಿಸಿ ಬಾವ್ಯಾಗ ಒಗದೇನಿ. ನೀ ಬರಬ್ಯಾಡ. ನಿನ್ನ ಮಗಗೂ ತಿರುಗಿ ಹೋಗು ಅಂತ ಹೇಳು. ನೀ ಕರದ್ರ ಬರ್ತದ, ನನಗ ಗೊತ್ತದ. ಅದಕ್ಕೇ ಬ್ಯಾಡ ಅಂತೇನಿ. ಭಾಲ್ಕಿ ಓಣಿ ಓಣಿ ತಿರುಗಿ ನಾನೇ ಕರೀತೇನಿ. ಒಂದು ಸಲ, ಒಂದೇ ಒಂದು ಸಲ, ನನ್ನ ದನಿಗಿ ಬರ್ಲಿ ಅದು."