ಬೈಯಬಾರದವನನ್ನು ಬೈದ ಬಿಬಾತಾ

ಮಾಲನ್‌ವಿಲ್‌ನ ಬಿಬಾತಾಳ ಬಾಯಿಗೆ ಹೆದರದವರು ನಮ್ಮ ದಡದಲ್ಲಿ ಯಾರೂ ಇಲ್ಲ. ಹುಟ್ಟಿದ್ದು ನದಿಯಾಚೆ, ನೈಜರ್ ದೇಶದ ಗಾಯಾದಲ್ಲಿ; ಮದುವೆಯಾಗಿ ಬಂದದ್ದು ಈಚೆ, ಬೆನಿನ್‌ಗೆ. ಇಪ್ಪತ್ತೆಂಟು ವರ್ಷ ಇಲ್ಲಿಂದ ಮೆಕ್ಕೆಜೋಳ ಒಯ್ದು ಅಲ್ಲಿಂದ ಈರುಳ್ಳಿ ತಂದು ಮಾರಿದಳು. ನಡುವೆ ಗಂಡ ತೀರಿಕೊಂಡ. ಆ ದಿನ ಮಾತ್ರ ಅವಳು ಸಂತೆಗೆ ಬರಲಿಲ್ಲ.

ಆಮೇಲೆ ಎರಡೂ ಸರ್ಕಾರಗಳು ಮುನಿಸಿಕೊಂಡು ಸೇತುವೆ, ದೋಣಿಘಟ್ಟ ಎಲ್ಲ ಮುಚ್ಚಿದವು. ವ್ಯಾಪಾರವಿರುವ ದೇಶಗಳು ಬಡಿದಾಡುವುದಿಲ್ಲ ಎಂದು ರೇಡಿಯೋದಲ್ಲಿ ಯಾರೋ ಪಂಡಿತರು ಹೇಳಿದರು.

"ಹಂಗಾದ್ರೆ ಇಷ್ಟು ದಿನ ಇವರ ಜಗಳ ತಡೆದಿದ್ದು ನನ್ನ ಈರುಳ್ಳಿನೇ," ಎಂದಳು ಬಿಬಾತಾ. "ಒಬ್ಬನಾದ್ರೂ ಬಂದು ಒಳ್ಳೇ ಮಾತಾಡಿದ್ನಾ?"

ಅವಳ ನಿಜವಾದ ಚಿಂತೆ ಮಗನದು. ದೋಣಿ ನಡೆಸುತ್ತಿದ್ದ ಸೆಯ್ನಿ ಎರಡು ತಿಂಗಳಿಂದ ಬೇವಿನ ಮರದಡಿ ಕೂತಿದ್ದ. ಕಾಡಿನಲ್ಲಿರುವ ಬಂಡುಕೋರರ ಕಡೆಯಿಂದ ಬೈಕಿನಲ್ಲಿ ಬರುವ ಇಬ್ಬರು ಅವನಿಗೆ ಚಹಾ ಕುಡಿಸಲು ಶುರುಮಾಡಿದ್ದರು. ಕೆಲಸ ಕೊಡುತ್ತೇವೆ ಎನ್ನುತ್ತಿದ್ದರು. ಏನು ಕೆಲಸವೆಂದು ಹೇಳುತ್ತಿರಲಿಲ್ಲ. ಅವರ ಜೊತೆ ಹೋದ ನಮ್ಮೂರಿನ ಮೂವರಲ್ಲಿ ಒಬ್ಬನೂ ಮರಳಿರಲಿಲ್ಲ.

"ಎದ್ದೇಳೋ, ದೋಣಿ ತೆಗಿ, ಗಡಿ ಮುಚ್ಚಿದ್ರೂ ಈರುಳ್ಳಿ ತರೋಣ," ಎಂದಳು ಒಂದು ಬೆಳಗ್ಗೆ. ಸಂತೆಯಲ್ಲಿ ಅವಳ ಪಕ್ಕ ಕೂರುವ ನಾನೂ ಹತ್ತಿದೆ.

ಗಾಯಾದ ದಡದಲ್ಲಿ, ಅವಳಿಗಾಗಿ ತಂದಿಟ್ಟ ಈರುಳ್ಳಿ ಮೂಟೆಗಳ ಮುಂದೆ, ಮುಖಕ್ಕೆಲ್ಲ ರುಮಾಲು ಸುತ್ತಿಕೊಂಡ ಹೊಸ ಸೈನಿಕನೊಬ್ಬ ನಿಂತಿದ್ದ. ರುಮಾಲು ನೋಡಿ ತುವಾರೆಗ್ ಜನದವನೆಂದುಕೊಂಡಳು. ನಮ್ಮ ಜರ್ಮಾ ಜನಕ್ಕೂ ತುವಾರೆಗ್‌ಗಳಿಗೂ ಅಜ್ಜಂದಿರ ಕಾಲದಿಂದ ಬೈಗುಳದ ನೆಂಟಸ್ತಿಕೆ. ಎಷ್ಟು ಬೈದರೂ ಸಿಟ್ಟಾಗುವಂತಿಲ್ಲ, ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಗಡಿಯ ಅರ್ಧ ವ್ಯವಹಾರ ನಡೆಯುವುದೇ ಇದರ ಮೇಲೆ.

"ಏ ಒಂಟೆ ಕಳ್ಳ! ನಿಮ್ಮಜ್ಜ ನಮ್ಮನೆ ಜೀತದವ. ಯಜಮಾನಿ ಬಂದ್ರೆ ಕೈ ಕಟ್ಟಿ ನಿಲ್ಲೋದು ಗೊತ್ತಿಲ್ವಾ? ಸರಿ ಆಚೆ!"

ಸೈನಿಕ ರುಮಾಲು ಇಳಿಸಿದ. "ಅಮ್ಮಾ, ಇದು ಧೂಳಿಗೆ ಸುತ್ತಿದ್ದು. ನಾನು ತುವಾರೆಗ್ ಅಲ್ಲ, ಕನೂರಿ. ಪೂರ್ವದ ತುದಿಯ ದಿಫಾ ಕಡೆಯವನು."

ಬಂದೂಕು ಹಿಡಿದವನ ಅಜ್ಜನನ್ನು ಯಾವ ನೆಂಟಸ್ತಿಕೆಯೂ ಇಲ್ಲದೆ ಜೀತದವನೆಂದಿದ್ದಳು. ನಾನು ದೋಣಿಯತ್ತ ಎರಡು ಹೆಜ್ಜೆ ಹಿಂದೆ ಸರಿದೆ.

"ತಪ್ಪಾಯ್ತಪ್ಪಾ," ಎಂದಳು. ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಅವನು ಸೆಯ್ನಿಯತ್ತ ನೋಡಿದ. "ಮಗನಾ?"

"ಹೂಂ. ದೋಣಿ ನಿಂತು ಕೆಲಸ ಇಲ್ಲ. ಬೈಕಿನವರು ಬಂದು ಕರೀತಿದ್ದಾರೆ. ಈ ಮೂಟೆ ದಾಟದಿದ್ರೆ ಹೊರಟೇಬಿಡ್ತಾನೆ."

ಸೈನಿಕ ಒಂದು ಮೂಟೆಯನ್ನು ಕೈಯಿಂದ ಒತ್ತಿ ನೋಡಿದ.

"ನಮ್ಮವ್ವ ಮೆಣಸಿನಕಾಯಿ ಮಾರ್ತಿದ್ಲು," ಎಂದ. "ಅಲ್ಲೂ ದಾರಿ ಮುಚ್ಚಿದ್ರು. ನನ್ನ ತಮ್ಮ ಖಾಲಿ ಕೂತ, ಆಮೇಲೆ ಇಂಥವರದೇ ಬೈಕ್ ಹತ್ತಿದ. ನಾನು ಸೇನೆ ಸೇರಿದೆ. ಹೋದ ವರ್ಷ ಒಂದು ಹಳ್ಳೀಲಿ ಇಬ್ರೂ ಬಂದೂಕು ಹಿಡಿದು ಎದುರುಬದುರಾದ್ವಿ."

ಮುಂದೇನಾಯಿತೆಂದು ಬಿಬಾತಾ ಕೇಳಲಿಲ್ಲ. ಅವನು ಬಂದೂಕನ್ನು ಬೆನ್ನಿಗೆ ಹಾಕಿಕೊಂಡ, ಬಗ್ಗಿ ಮೊದಲ ಮೂಟೆಯ ಒಂದು ತುದಿ ಹಿಡಿದ.

"ಆ ಕಡೆ ಹಿಡಿ ತಮ್ಮಾ," ಎಂದ ಸೆಯ್ನಿಗೆ.