ಮೂರು ಸಲ ಸ್ನಾನ ಮಾಡಿದ ಬೆಳಿಗ್ಗೆ

ಜಪಾನ್ ನೋಡಿಬಂದವನು ಎಂದು ಊರಿನಲ್ಲಿ ಇವತ್ತಿಗೂ ಯಾರಾದರೂ ನನ್ನನ್ನು ಹೊಸಬರಿಗೆ ಪರಿಚಯಿಸಿದರೆ ಮೈಯೆಲ್ಲ ಉರಿಯುತ್ತದೆ. ನಾನು ನೋಡಿದ್ದು ಒಂದು ಹೋಟೆಲ್ ರೂಮು. ಅದೂ ಜಪಾನಿನವರದ್ದಲ್ಲ, ಯಾವುದೋ ಅಮೆರಿಕದ ಕಂಪನಿಯದು.

ರೇಷ್ಮೆಗೆ ಬಂಗಾರದಂಥ ಕಾಲ ಅದು. ಮಾಗಡಿಯಿಂದ ಕನಕಪುರದವರೆಗೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ರೇಷ್ಮೆ ಇಲಾಖೆಯವರು ಬೆಳೆಗಾರರಲ್ಲಿ ಕೆಲವರನ್ನು ಜಪಾನಿಗೆ ಕರೆದೊಯ್ದು ಅಲ್ಲಿ ಹುಳು ಸಾಕುವ ರೀತಿ ತೋರಿಸುತ್ತೇವೆಂದು ಪಟ್ಟಿ ಮಾಡಿದಾಗ ನನ್ನ ಹೆಸರೂ ಬಂತು. ಪಹಣಿ ನನ್ನ ಹೆಸರಿನಲ್ಲಿತ್ತಲ್ಲ! ಹುಳು ಸಾಕುತ್ತಿದ್ದವಳು ನನ್ನ ಹೆಂಡತಿ. ನಾನು ಸೊಪ್ಪು ತಂದು ಬಾಗಿಲಿಗೆ ಹಾಕುತ್ತಿದ್ದೆ, ಗೂಡು ಮಾರಿ ಬರುತ್ತಿದ್ದೆ, ಅಷ್ಟೆ.

ಅವಳು ನನ್ನಿಂದ ಕೇಳಿದ್ದು ಒಂದೇ. ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಒಂದೊಂದಾಗಿ ಕೈಯಲ್ಲಿ ಆರಿಸಿ, ಗೂಡು ಕಟ್ಟಲು ಚಂದ್ರಂಕಿಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡುವಷ್ಟರಲ್ಲಿ ಪ್ರತಿ ಬೆಳೆಗೂ ಅವಳ ಸೊಂಟ ಬಿದ್ದುಹೋಗುತ್ತಿತ್ತು. ಜಪಾನಿನಲ್ಲಿ ಹುಳುಗಳ ಮೇಲೆ ಚೌಕಟ್ಟು ಇಟ್ಟರೆ ಅವೇ ಹತ್ತಿಕೊಳ್ಳುತ್ತವಂತೆ ಎಂದು ಯಾರೋ ಹೇಳಿದ್ದರು. "ಬ್ಯಾರೆ ಏನೂ ನೋಡ್ದಿದ್ರೂ ಚಿಂತಿಲ್ಲ. ಹುಳ ಎಷ್ಟು ಹಣ್ಣಾದಾಗ ಚೌಕಟ್ಟು ಮಡಗ್ತಾರೆ ಅಂತ ಒಸಿ ಕಣ್ಣಾರೆ ನೋಡ್ಕಂಡು ಬನ್ನಿ. ನನ್ನ ಸೊಂಟನಾದ್ರೂ ಉಳ್ಕತದೆ," ಎಂದಿದ್ದಳು.

ಅಲ್ಲಿಯ ಸಣ್ಣದೊಂದು ಪಟ್ಟಣದಲ್ಲಿ ಸಂಜೆ ನಮ್ಮನ್ನು ಆ ಹೋಟೆಲಿನಲ್ಲಿ ಇಳಿಸಿದರು. ಮರುದಿನ ಹತ್ತಿರದ ರೈತರೊಬ್ಬರ ಮನೆಯಲ್ಲಿ ಹುಳು ಹಣ್ಣಾಗುವುದಿತ್ತು. ನಮಗೆ ಸಿಕ್ಕುವುದು ಆ ಒಂದು ಬೆಳಿಗ್ಗೆ ಮಾತ್ರ. ಕಿಟಕಿಯಾಚೆ ಸಾಲಾಗಿ ಹೆಂಚಿನ ಮನೆಗಳು ಕಾಣುತ್ತಿದ್ದವು. ಅಂಥದ್ದೊಂದರಲ್ಲಿ ಚಾಪೆ ಕೊಟ್ಟಿದ್ದರೂ ಸಾಕಿತ್ತು. ಇಲ್ಲಿ ಕಿಟಕಿ ತೆಗೆಯಲು ಬರುವುದಿಲ್ಲ. ಹೊದಿಕೆಯನ್ನು ಹಾಸಿಗೆಯಡಿಗೆ ಎಷ್ಟು ಬಿಗಿಯಾಗಿ ಸಿಕ್ಕಿಸಿದ್ದರೆಂದರೆ, ಒಳಗೆ ತೂರುವುದು ಹೇಗೆಂದು ತಿಳಿಯದೆ ಮೇಲೆಯೇ ಮಲಗಿದೆ. ಎಸಿ ಗಾಳಿಗೆ ಗಂಟಲು ಒಣಗಿತು. ಹುಳುಮನೆಯಲ್ಲಿ ಗೋಣಿಚೀಲ ನೆನೆಸಿ ಕಟ್ಟುವ ಹಾಗೆ ಟವೆಲ್ ನೆನೆಸಿ ಕುರ್ಚಿಗೆ ಹಾಕಿದೆ.

ಅದೆಲ್ಲ ಹಾಳಾಗಿ ಹೋಗಲಿ. ರೂಮಿಗೆ ಸಿಗರೇಟಿನ ವಾಸನೆ ಅಡರಿತ್ತು. ಹೊಗೆಸೊಪ್ಪು ರೇಷ್ಮೆಹುಳುವಿಗೆ ವಿಷ. ನಮ್ಮಲ್ಲಿ ಬೀಡಿ ಸೇದಿದವನು ಹುಳುಮನೆಯ ಹೊಸಿಲು ದಾಟುವಂತಿಲ್ಲ. ಕೆಳಗೆ ಹೋಗಿ ಮೂಗು ಹಿಡಿದು ತೋರಿಸಿದೆ. ಕೌಂಟರಿನ ಹುಡುಗಿ ಬೇರೆ ರೂಮಿಲ್ಲವೆಂದು ಕೈಯಾಡಿಸಿ, ಬಗ್ಗಿ ನಮಸ್ಕರಿಸಿದಳು. ನಾನು ದನಿ ಏರಿಸಿದೆ, ಅವಳು ಇನ್ನಷ್ಟು ಬಗ್ಗಿದಳು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ಬೆಳಿಗ್ಗೆ ಎದ್ದವನೇ ಆ ವಾಸನೆ ಹೋಗಲೆಂದು ಮೂರು ಸಲ ಸ್ನಾನ ಮಾಡಿದೆ. ಹೋಟೆಲಿನವರು ಇಟ್ಟಿದ್ದ ಸೋಪು ಕರಗುವಷ್ಟು ಉಜ್ಜಿದೆ. ಪುಟ್ಟ ಬಾಟಲಿಯ ಶಾಂಪೂ ಪೂರ್ತಿ ತಲೆಗೆ ಸುರಿದೆ. ಅಂಗಿಯ ಕಾಲರನ್ನೂ ಅದೇ ಸೋಪಿನಲ್ಲಿ ತಿಕ್ಕಿದೆ. ವರಾಂಡದಿಂದ ಲಿಫ್ಟಿನವರೆಗೆ ಇಡೀ ಹೋಟೆಲೇ ಘಮಘಮ ಎನ್ನುತ್ತಿತ್ತು, ನನ್ನ ಮೂಗು ಸತ್ತೇಹೋಗಿತ್ತು. ಈಗ ಮಡಿಯಾದೆ ಎಂದುಕೊಂಡು ಹೊರಟೆ. ಎಂಥ ಕತ್ತೆ ನಾನು!

ಹುಳುಮನೆಯ ಬಾಗಿಲಲ್ಲಿ ಆ ಮನೆಯ ಅಜ್ಜಿ ನಿಂತಿದ್ದರು. ಒಬ್ಬೊಬ್ಬರಿಗೂ ಔಷಧಿ ನೀರಿನಲ್ಲಿ ಕಾಲು ಅದ್ದಿಸಿ, ಬಿಳಿ ಕೋಟು ತೊಡಿಸಿ ಒಳಗೆ ಬಿಡುತ್ತಿದ್ದರು. ನನ್ನ ಸರದಿ ಬಂದಾಗ ಮೂಸಿ ನೋಡಿ ತಲೆಯಾಡಿಸಿದರು. ಸೋಪಿನ ಸೆಂಟು ಹುಳುವಿಗೆ ಆಗುವುದಿಲ್ಲವಂತೆ ಎಂದು ನಮ್ಮ ಜೊತೆಗಿದ್ದ ದುಭಾಷಿ ತಿಳಿಸಿದರು. ನನಗೆ ಗೊತ್ತಿಲ್ಲದ ಮಾತೇ ಅದು? ಕೈ ಮುಗಿದೆ. ಅಜ್ಜಿಯೂ ಬಗ್ಗಿ ನಮಸ್ಕರಿಸಿದರು, ಬಾಗಿಲು ಮಾತ್ರ ಬಿಡಲಿಲ್ಲ. ಚೌಕಟ್ಟು ಯಾವಾಗ ಇಡುತ್ತೀರಿ ಎಂದು ದುಭಾಷಿಯಿಂದ ಕೇಳಿಸಿದೆ. ಹುಳುವನ್ನು ನೋಡಿದರೆ ಗೊತ್ತಾಗುತ್ತದೆ ಎಂದರಂತೆ.

ಬೆಳಿಗ್ಗೆ ಮುಖಕ್ಕೂ ನೀರು ಹಾಕದ ನಮ್ಮವರೆಲ್ಲ ಒಳಗೆ, ಮೂರು ಸಲ ಮಿಂದ ನಾನು ಅಂಗಳದಲ್ಲಿ. ಅವರು ಹೊರಬಂದ ಮೇಲೆ ಹುಳುವಿನ ಬಣ್ಣ ಹೇಗಿತ್ತು, ಸೊಪ್ಪು ತಿನ್ನುತ್ತಿತ್ತೋ ಬಿಟ್ಟಿತ್ತೋ ಎಂದು ಒಬ್ಬೊಬ್ಬರನ್ನೂ ಪೀಡಿಸಿದೆ. "ಭಾರಿ ಕ್ಲೀನಾಗಿ ಮಡಗವ್ರೆ ಕಣ್ಲಾ," ಎಂದ ಸೋಲೂರು ಕಡೆಯವನು. ಅದಕ್ಕಿಂತ ಹೆಚ್ಚಿಗೆ ಯಾರ ಬಾಯಿಂದಲೂ ಬರಲಿಲ್ಲ. ಅವರ ಮನೆಗಳಲ್ಲೂ ಹುಳು ಸಾಕುತ್ತಿದ್ದವರು ಹೆಂಗಸರೇ.

ಊರಿಗೆ ಬಂದಾಗ ಹೆಂಡತಿ ಮರಿಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದಳು. ನಾನು ಬ್ಯಾಗು ಇಳಿಸುವ ಮೊದಲೇ, ನೋಡಿದಿರಾ ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆ ಹೋಟೆಲನ್ನು, ರೂಮಿನಲ್ಲಿ ಸಿಗರೇಟು ಸೇದಿದವನನ್ನು, ಬಗ್ಗಿ ಬಗ್ಗಿ ನಮಸ್ಕರಿಸಿದವಳನ್ನು ಬೈಯುತ್ತಲೇ ನಡೆದದ್ದನ್ನೆಲ್ಲ ಹೇಳಿದೆ. ಅವಳು ಸೊಪ್ಪು ಹೆಚ್ಚುತ್ತಲೇ ಕೊನೆಯವರೆಗೂ ಕೇಳಿಸಿಕೊಂಡಳು. ಚಾಕು ಕೆಳಗಿಟ್ಟಳು.

"ನನ್ನ ಕಳ್ಸಿದ್ರೆ ನಾನು ಆ ಸೋಪ ಮುಟ್ತಾನೇ ಇರ್ನಿಲ್ಲ," ಎಂದಳು.